ಎಳೆಗೂಸಿನ ರಕ್ತಮಚ್ಚೆಗಳ ಚಿಕಿತ್ಸಾವಿಚಾರ

ಲಕ್ಷ್ಮೇಶ್ವರದ ಅಥವಾ ಗದಗಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಾಣಂತಿಯು ಕೂಸಿನೊಡನೆ ಶಿಗ್ಲಿಯ ತನ್ನ ತವರುಮನೆಗೆ ಬಂದು ಸೇರಿದ ಮೇಲೆ, ಎಣ್ಣೆ ಹಚ್ಚಿ ಎರೆಯುವುದಕ್ಕೆಂದು ಕಾಲು ಚಾಚಿ ಕುಳಿತ ಮುದುಕಿಯು ಆ ಪುಟ್ಟ ಮೈಯನ್ನು ನೆತ್ತಿಯಿಂದ ಅಂಗಾಲಿನವರೆಗೆ ತಡವಿ ನೋಡುವಾಗ, ಅದರ ಮೇಲೆ ಏನೊಂದೂ ಕಲೆಯಿಲ್ಲದೆ ಇರುವುದು ಅಪರೂಪವೆಂದೇ ಹೇಳಬೇಕು. ಸೊಂಟದ ಕೆಳಗೆ ಹರಡಿದ ನೀಲಿಯ ಛಾಯೆ, ಕತ್ತಿನ ಹಿಂಭಾಗದ ತೆಳುಗೆಂಪು, ಅತ್ತಾಗ ಹಣೆಯ ನಡುವೆ ಮೂಡಿ ನಿದ್ದೆಯಲ್ಲಿ ಮಾಸುವ ಪಟ್ಟೆ, ಇವುಗಳಲ್ಲಿ ಒಂದಲ್ಲ ಒಂದು ನಮ್ಮ ನಾಡಿನ ಬಹುಪಾಲು ಶಿಶುಗಳಲ್ಲಿ ಕಾಣತಕ್ಕದ್ದೇ ಆಗಿದೆ. ನೀಲಿಯದು ವರ್ಣದ್ರವ್ಯದ ಕಲೆ, ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ; ಹಣೆಯದೂ ರೆಪ್ಪೆಯದೂ ಒಂದೆರಡು ವರ್ಷಗಳೊಳಗೆ ಸಾಮಾನ್ಯವಾಗಿ ಅಳಿಯುತ್ತವೆ; ಕತ್ತಿನದು ಉಳಿದರೂ ಕೂದಲ ಮರೆಯಲ್ಲಿ ಉಳಿದು ಯಾರಿಗೂ ಬಾಧೆ ಕೊಡುವುದಿಲ್ಲ. ಆದುದರಿಂದ ಮುದುಕಿಯು ಮಗಳಿಗೆ ಹೇಳುವ "ತಾನ ಹೊಕ್ಕೈತಿ ಬಿಡವಾ" ಎಂಬ ಸಮಾಧಾನದ ಮಾತು ಹತ್ತರಲ್ಲಿ ಒಂಬತ್ತು ಸಲ ಸತ್ಯವೇ ಆಗುತ್ತದೆ. ಈ ಲೇಖನದ ಚಿಂತೆಯಿರುವುದು ಆ ಮಾತು ಸಲ್ಲದ ಉಳಿದ ಮಕ್ಕಳ ವಿಷಯದಲ್ಲಿ. ಅವರ ಸಂಖ್ಯೆ ಸಣ್ಣದು, ಆದರೆ ಕಣ್ಣಿನ ದೃಷ್ಟಿ, ಉಸಿರಿನ ದಾರಿ, ಕೆಲವು ಸಲ ಪ್ರಾಣವೇ ಪಣಕ್ಕೆ ಬೀಳುವುದು ಆ ಸಣ್ಣ ಸಂಖ್ಯೆಯಲ್ಲಿಯೇ. ಅವರಲ್ಲಿ ಅನೇಕರಿಗೆ ಬೇಕಾದ ಔಷಧವು ಇಂದು ಅಗ್ಗದ ಬೆಲೆಗೆ ಅಂಗಡಿಯಲ್ಲಿ ದೊರೆಯುತ್ತದೆ. ದೊರೆಯದಿರುವುದು, ಮಚ್ಚೆಯನ್ನು ತಕ್ಕ ವಾರದಲ್ಲಿ ನೋಡಿ ಇದು ಬೇರೆಯ ಜಾತಿಯದೆಂದು ಗುರುತಿಸುವ ಕಣ್ಣು.

ಮೊದಲು ಜಾತಿಯ ವಿಚಾರ. ರಕ್ತನಾಳಗಳಿಂದ ಆದ ಮಚ್ಚೆಗಳನ್ನೆಲ್ಲ ಒಂದೇ ಹೆಸರಿನಿಂದ ಕರೆದು, ಒಂದೇ ಬಗೆಯ ಉಪಚಾರಕ್ಕೆ ಗುರಿಮಾಡುತ್ತಿದ್ದ ಗೊಂದಲವು ಬಹುಕಾಲ ವೈದ್ಯಲೋಕದಲ್ಲಿಯೇ ನಡೆದುಬಂದಿತ್ತು. 1982ರಲ್ಲಿ ಬಾಸ್ಟನ್ನಿನ ಮಲ್ಲಿಕನ್ ಮತ್ತು ಗ್ಲೊವಾಕಿ ಎಂಬಿಬ್ಬರು ಜೀವಕೋಶಗಳ ನಡತೆಯನ್ನು ಆಧಾರವಾಗಿಟ್ಟುಕೊಂಡು ಅವುಗಳನ್ನು ಎರಡಾಗಿ ವಿಂಗಡಿಸಿದರು. ಒಂದನೆಯದು ಗಡ್ಡೆ, ಅಲ್ಲಿ ನಾಳಗಳ ಒಳಪದರದ ಕೋಶಗಳು ತಾವೇ ವೃದ್ಧಿಹೊಂದುತ್ತವೆ. ಎರಡನೆಯದು ವಿಕೃತಿ, ಅಲ್ಲಿ ಕೋಶಗಳು ವಿಪರೀತವಾಗಿ ಬೆಳೆಯುವುದಿಲ್ಲ, ಗರ್ಭದಲ್ಲಿ ನಾಳಗಳು ರೂಪುಗೊಳ್ಳುವಾಗಲೇ ರಚನೆ ತಪ್ಪಿರುತ್ತದೆ. ಬೆಟಗೇರಿಯ ನೇಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ: ಹಾಸಿನಲ್ಲಿಯೇ ತಪ್ಪಿದ ಎಳೆಯು ಸೀರೆ ಉದ್ದವಾದಷ್ಟೂ ಜೊತೆಗೇ ಓಡುವುದಲ್ಲದೆ ತಾನಾಗಿ ಸರಿಹೋಗುವುದಿಲ್ಲ. ಗಡ್ಡೆಯ ಜಾತಿಯಲ್ಲಿ ಪ್ರಮುಖವಾದ ಹೀಮ್ಯಾಂಜಿಯೋಮಾ ನೂರು ಶಿಶುಗಳಲ್ಲಿ ನಾಲ್ಕೈದಕ್ಕೆ ಬರುತ್ತದೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ, ತಿಂಗಳು ತುಂಬಿದವಕ್ಕಿಂತ ತುಂಬದವಕ್ಕೆ ಹೆಚ್ಚು. ಹುಟ್ಟಿದ ದಿನ ಅದು ಇರುವುದೇ ಇಲ್ಲ, ಅಥವಾ ಬಿಳಿಚಿದೊಂದು ಕಲೆಯಾಗಿ, ಕೂದಲೆಳೆಯಷ್ಟು ಸಣ್ಣ ಕೆಂಪುಗೆರೆಗಳಾಗಿ ಇರುತ್ತದೆ. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನಗಳ ಸುಮಾರಿಗೆ ಕೆಂಪೇರಿ, ಐದೂವರೆ ವಾರದಿಂದ ಏಳೂವರೆ ವಾರದವರೆಗೆ ಅತ್ಯಂತ ವೇಗವಾಗಿ ಬೆಳೆದು, ಮೂರು ತಿಂಗಳಾಗುವಷ್ಟರಲ್ಲಿ ತನ್ನ ಗಾತ್ರದ ಬಹುಭಾಗವನ್ನು ಪಡೆದಿರುತ್ತದೆ. ವರ್ಷ ತುಂಬಿದ ಮೇಲೆ ಮೆತ್ತಗಾಗಿ, ಬೂದುಬಣ್ಣಕ್ಕೆ ತಿರುಗಿ, ನಾಲ್ಕು ವರ್ಷದೊಳಗೆ ಬಹುಮಟ್ಟಿಗೆ ಕುಗ್ಗುತ್ತದೆ. ವಿಕೃತಿಯಾದರೋ ಹುಟ್ಟಿದಂದೇ ಇದ್ದು, ಮಗುವಿನ ಜೊತೆ ಅದೇ ಪ್ರಮಾಣದಲ್ಲಿ ಬೆಳೆದು, ಎಂದಿಗೂ ಕುಗ್ಗುವುದಿಲ್ಲ.

ಕಾರಣದ ವಿಷಯವಾಗಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮಚ್ಚೆಯ ಅಪವಾದವನ್ನು ಹೊರುವವಳು ಯಾವಾಗಲೂ ತಾಯಿಯೇ. ಗ್ರಹಣದ ಹೊತ್ತಿನಲ್ಲಿ ಹೊರಗೆ ಕಾಲಿಟ್ಟಳು, ಬಯಕೆಯನ್ನು ತೀರಿಸಿಕೊಳ್ಳಲಿಲ್ಲ, ಸೋದರಮಾವನನ್ನೇ ಮದುವೆಯಾದಳು ಎಂದು ನೆರೆಹೊರೆಯವರು ಆಡುವ ಮಾತುಗಳಲ್ಲಿ ಒಂದಕ್ಕೂ ಆಧಾರವಿಲ್ಲ. ವಿಕೃತಿಗಳಲ್ಲೊಂದಾದ, ಮುಖದ ಮೇಲೆ ಹರಡುವ ದ್ರಾಕ್ಷಾರಸದ ಬಣ್ಣದ ಮಚ್ಚೆಗೆ ಜಿಎನ್‌ಎಕ್ಯೂ ಎಂಬ ಜೀನಿನ ಒಂದು ಬದಲಾವಣೆ ಕಾರಣವೆಂದು 2013ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆ ಬದಲಾವಣೆಯು ತಂದೆಯಿಂದಾಗಲಿ ತಾಯಿಯಿಂದಾಗಲಿ ಬಂದುದಲ್ಲ. ಗರ್ಭ ಕಟ್ಟಿದ ಮೇಲೆ ಭ್ರೂಣದ ಯಾವುದೋ ಒಂದು ಕೋಶದಲ್ಲಿ ಆಕಸ್ಮಿಕವಾಗಿ ಹುಟ್ಟಿ, ಆ ಕೋಶದ ಸಂತತಿಗೆ ಮಾತ್ರ ಹಬ್ಬಿದುದು. ಸೋದರಸಂಬಂಧದಿಂದ ಬರತಕ್ಕ ಬೇರೆ ವ್ಯಾಧಿಗಳು ಇಲ್ಲದಿಲ್ಲ, ಇದು ಅವುಗಳಲ್ಲೊಂದಲ್ಲ.

ಚಿಕಿತ್ಸೆಯ ಇತಿಹಾಸವನ್ನು ನೋಡಿದರೆ, ಅದು ಅತಿಯಾದ ಕೈಹಾಕುವಿಕೆಯಿಂದ ಅತಿಯಾದ ಕೈಕಟ್ಟುವಿಕೆಗೆ ಹೋಗಿ, ಈಚೆಗೆ ಮಾತ್ರ ನಡುವಿನ ಹಾದಿಗೆ ಬಂದುದಾಗಿ ತೋರುತ್ತದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಥ ಗಡ್ಡೆಗಳಿಗೆ ಕ್ಷ-ಕಿರಣವನ್ನೂ ರೇಡಿಯಮ್ಮನ್ನೂ ಧಾರಾಳವಾಗಿ ಪ್ರಯೋಗಿಸಿದರು. ಸ್ವೀಡನ್ ದೇಶದಲ್ಲಿ ಹೀಗೆ ಶೈಶವದಲ್ಲಿ ರೇಡಿಯಮ್ ಚಿಕಿತ್ಸೆ ಪಡೆದ ಮಕ್ಕಳನ್ನು ದಶಕಗಳ ಅನಂತರ ಹುಡುಕಿ ಪರೀಕ್ಷಿಸಿದಾಗ, ಥೈರಾಯ್ಡ್ ಗ್ರಂಥಿಯ ಮತ್ತು ಸ್ತನದ ಕ್ಯಾನ್ಸರು ಅವರಲ್ಲಿ ಇತರರಿಗಿಂತ ಹೆಚ್ಚಾಗಿ ಕಂಡುಬಂದಿತು. ತಾನಾಗಿ ಕುಗ್ಗಬಹುದಾಗಿದ್ದ ಕಲೆಗಾಗಿ ತೆತ್ತ ಬೆಲೆ ಅದು. 1938ರಲ್ಲಿ ಇಂಗ್ಲೆಂಡಿನ ಲಿಸ್ಟರ್ ಎಂಬ ವೈದ್ಯನು, ಏನೂ ಮಾಡದೆ ಬಿಟ್ಟ ಮಚ್ಚೆಗಳನ್ನು ವರ್ಷಗಟ್ಟಲೆ ತಾಳ್ಮೆಯಿಂದ ಅಳೆದು, ಅವು ಕುಗ್ಗುವುದೇ ಅವುಗಳ ಸಹಜ ಗತಿಯೆಂದು ತೋರಿಸಿದನು. ಅಲ್ಲಿಂದ ಮುಂದೆ "ಕಾದು ನೋಡಿ" ಎಂಬುದೇ ಶಾಸ್ತ್ರವಾಯಿತು. ಬಹುಪಾಲು ಮಕ್ಕಳಿಗೆ ಆ ಶಾಸ್ತ್ರವು ಹಿತವನ್ನೇ ಮಾಡಿತು. ಆದರೆ ರೆಪ್ಪೆಯ ಮೇಲೆ ಕುಳಿತ ಗಡ್ಡೆಯು ನಾಲ್ಕನೆಯ ವರ್ಷದಲ್ಲಿ ಕುಗ್ಗಿದರೇನು, ಅಷ್ಟರಲ್ಲಿ ಆ ಕಣ್ಣು ನೋಡುವುದನ್ನೇ ಕಲಿಯದೆ ಹೋಗಿರುತ್ತದೆ! ಅಂಥವರಿಗಾಗಿ 1960ರ ದಶಕದಿಂದ ಸ್ಟೀರಾಯ್ಡುಗಳು ಬಂದವು. ಅವು ಗಡ್ಡೆಯನ್ನು ತಡೆಯುತ್ತಿದ್ದುದುಂಟು, ಆದರೆ ಮಗುವಿನ ಮುಖವನ್ನು ಊದಿಸಿ, ಬೆಳವಣಿಗೆಯನ್ನೂ ತಡೆಯುತ್ತಿದ್ದವು. ಆಮೇಲೆ ಬಂದ ಇಂಟರ್‌ಫೆರಾನ್ ಕೆಲವು ಶಿಶುಗಳ ಕಾಲುಗಳನ್ನು ಸೆಟೆಯಿಸುವ ನರದೋಷಕ್ಕೆ ಕಾರಣವಾದುದರಿಂದ ಹಿಂದೆ ಸರಿಯಿತು.

2008ರಲ್ಲಿ ಬೆಳಕಿಗೆ ಬಂದುದು ಈ ಕಥೆಯ ತಿರುವು. ಫ್ರಾನ್ಸಿನ ಬೋರ್ಡೋ ನಗರದ ಆಸ್ಪತ್ರೆಯಲ್ಲಿ, ಮೂಗಿನ ಮೇಲಿನ ಗಡ್ಡೆಗಾಗಿ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದ ಒಂದು ಮಗುವಿಗೆ ಹೃದಯದ ಸ್ನಾಯು ದಪ್ಪವಾಗತೊಡಗಿತು. ಆ ಹೃದಯದೋಷಕ್ಕೆಂದು ಪ್ರೊಪ್ರಾನೊಲಾಲ್ ಎಂಬ ಔಷಧವನ್ನು ಕೊಟ್ಟರು. ಮರುದಿನ ನೋಡಿದರೆ ಮೂಗಿನ ಗಡ್ಡೆಯ ಬಣ್ಣ ಕಡುಗೆಂಪಿನಿಂದ ನೇರಳೆಗೆ ಇಳಿದು, ಗಡ್ಡೆ ಮೆತ್ತಗಾಗಿತ್ತು. ಕ್ರಿಸ್ಟೀನ್ ಲೆಯೋತೆ-ಲಾಬ್ರೆಜ್ ಎಂಬ ಚರ್ಮವೈದ್ಯೆ ಮತ್ತು ಆಕೆಯ ಸಹೋದ್ಯೋಗಿಗಳು ಇದನ್ನು ಆಕಸ್ಮಿಕವೆಂದು ಬಿಟ್ಟುಬಿಡದೆ, ಹನ್ನೊಂದು ಮಕ್ಕಳ ಅನುಭವವನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ರಕ್ತದ ಒತ್ತಡಕ್ಕೂ ಎದೆನೋವಿಗೂ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ನಿರ್ಮಿಸಿದ, ಆತನಿಗೆ 1988ರ ನೊಬೆಲ್ ಪಾರಿತೋಷಕದಲ್ಲಿ ಪಾಲು ತಂದುಕೊಟ್ಟ ಹಳೆಯ ಮಾತ್ರೆಯೇ ಈ ಪ್ರೊಪ್ರಾನೊಲಾಲ್. 2015ರಲ್ಲಿ ಪ್ರಕಟವಾದ, ನಾನೂರಕ್ಕೂ ಹೆಚ್ಚು ಶಿಶುಗಳ ಪರೀಕ್ಷೆಯಲ್ಲಿ, ಆರು ತಿಂಗಳು ಈ ಔಷಧ ಪಡೆದವರಲ್ಲಿ ನೂರಕ್ಕೆ 60 ಮಂದಿಯ ಗಡ್ಡೆಯು ಪೂರ್ತಿಯಾಗಿ ಅಥವಾ ಬಹುತೇಕ ಪೂರ್ತಿಯಾಗಿ ಅಳಿಯಿತು. ಹುಸಿ ಔಷಧ ಪಡೆದವರಲ್ಲಿ ನೂರಕ್ಕೆ 4 ಮಂದಿಯದು ಮಾತ್ರ. ಮಕ್ಕಳ ವೈದ್ಯದಲ್ಲಿ ಇಷ್ಟು ನಿಚ್ಚಳವಾದ ಅಂತರವು ದಿನವೂ ದೊರೆಯತಕ್ಕದ್ದಲ್ಲ.

ಹಾಗೆಂದು ಎಲ್ಲ ಹೀಮ್ಯಾಂಜಿಯೋಮಾಗಳಿಗೂ ಈ ಔಷಧವನ್ನು ಕುಡಿಸತಕ್ಕದ್ದಲ್ಲ. ಬೆನ್ನ ಮೇಲಿನ ಬೊಟ್ಟಿನಷ್ಟು ಗಡ್ಡೆಗೆ ಏನೂ ಬೇಡ, ಅಥವಾ ಮೇಲುಮೇಲಿನದಾದರೆ ಕಣ್ಣಿಗೆ ಹಾಕುವ ಟಿಮೊಲಾಲ್ ಹನಿಯನ್ನೇ ಚರ್ಮಕ್ಕೆ ಸವರಿದರೆ ಸಾಕಾಗುತ್ತದೆ. ನಿರ್ಣಾಯಕವಾದುದು ಗಾತ್ರಕ್ಕಿಂತಲೂ ಸ್ಥಾನ. ರೆಪ್ಪೆಯ ಮೇಲಿನದು ಕಣ್ಣನ್ನು ಮುಚ್ಚದಿದ್ದರೂ ಗುಡ್ಡೆಯನ್ನು ಒತ್ತಿ ನೋಟವನ್ನು ಕೆಡಿಸುತ್ತದೆ. ಮೂಗಿನ ತುದಿಯದೂ ತುಟಿಯದೂ ಕುಗ್ಗಿದ ಮೇಲೂ ವಿರೂಪವನ್ನು ಬಿಟ್ಟುಹೋಗುತ್ತವೆ. ಗಡ್ಡ ಬೆಳೆಯುವ ಜಾಗವೆಲ್ಲ, ಅಂದರೆ ಕೆನ್ನೆಯ ಕೆಳಭಾಗ, ಗದ್ದ, ಕತ್ತಿನ ಮುಂಭಾಗ, ಕೆಂಪು ಹಾಸಿಕೊಂಡಿದ್ದರೆ, ಅದೇ ಗಡ್ಡೆಯು ಗಂಟಲಿನ ಒಳಗೂ ಬೆಳೆಯುತ್ತಿರಬಹುದು. ಆರನೆಯ ಎಂಟನೆಯ ವಾರದಲ್ಲಿ ಕೂಸಿನ ಉಸಿರು ಗೊರಗೊರ ಸದ್ದು ಮಾಡತೊಡಗಿದರೆ ಅದನ್ನು ನೆಗಡಿಯೆಂದು ತಿಳಿದು ಲೋಬಾನದ ಹೊಗೆ ಹಾಕುತ್ತ ಕೂಡುವುದು ಪ್ರಾಣಕ್ಕೆ ಎರವಾದೀತು. ಮುಖದ ಅಥವಾ ತಲೆಯ ಒಂದು ಪಾರ್ಶ್ವವನ್ನು ಐದು ಸೆಂಟಿಮೀಟರಿಗಿಂತ ಅಗಲವಾಗಿ ಆವರಿಸಿದ ಗಡ್ಡೆಯು ಮೆದುಳಿನ ಧಮನಿಗಳ, ಹೃದಯದ, ಕಣ್ಣಿನ ದೋಷಗಳೊಡನೆ ಕೂಡಿಬರುವುದುಂಟು. ಅಂಥ ಮಗುವಿಗೆ ಪ್ರೊಪ್ರಾನೊಲಾಲ್ ಆರಂಭಿಸುವ ಮುನ್ನ ಹೃದಯವನ್ನೂ ಮೆದುಳಿನ ನಾಳಗಳನ್ನೂ ಚಿತ್ರ ತೆಗೆದು ನೋಡಬೇಕು. ಮೈಮೇಲೆ ಐದು ಅಥವಾ ಹೆಚ್ಚು ಪುಟ್ಟ ಗಡ್ಡೆಗಳಿದ್ದರೆ ಯಕೃತ್ತಿನಲ್ಲಿಯೂ ಇರಬಹುದಾದುದರಿಂದ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ತೊಡೆಸಂದಿನ ಗಡ್ಡೆಯು ಮಲಮೂತ್ರದ ತೇವಕ್ಕೆ ಹುಣ್ಣಾಗುತ್ತದೆ. ಆ ಹುಣ್ಣಿನ ನೋವಿಗೆ ಕೂಸು ರಾತ್ರಿಯಿಡೀ ಅಳುತ್ತಿದ್ದರೆ, ಬೂದಿ, ಸುಣ್ಣ, ಅರಿಸಿನಗಳ ಪ್ರಯೋಗವು ಆ ನೋವನ್ನು ಇಮ್ಮಡಿಸುವುದಲ್ಲದೆ ಬೇರೇನನ್ನೂ ಮಾಡದು. ಬರೆ ಹಾಕಿಸುವುದಂತೂ ಕ್ರೌರ್ಯವೇ ಸರಿ.

ಗಡ್ಡೆಯ ಜಾತಿಯಲ್ಲಿಯೇ ಅತಿ ವಿರಳವೂ ಅತಿ ಘೋರವೂ ಆದ ಒಂದು ಬಗೆಯಿದೆ. ತೊಡೆ, ತೋಳು ಅಥವಾ ಎದೆಯ ಮೇಲೆ ನೇರಳೆಬಣ್ಣದ ಬಿಗಿಯಾದ ಬಾವು. ಒಂದೆರಡು ದಿನಗಳಲ್ಲಿ ಅದು ಹೊಳೆಯುವಂತೆ ಊದಿಕೊಂಡು, ಮೈಯ ಬೇರೆಡೆಗಳಲ್ಲಿ ರಕ್ತದ ಚುಕ್ಕೆಗಳು ಏಳುತ್ತವೆ. 1940ರಲ್ಲಿ ನ್ಯೂಯಾರ್ಕಿನ ಕಸಬಾಕ್ ಮತ್ತು ಮೆರಿಟ್ ಇದನ್ನು ವರ್ಣಿಸಿದರು: ಗಡ್ಡೆಯು ರಕ್ತದ ಪ್ಲೇಟ್‌ಲೆಟ್ ಕಣಗಳನ್ನು ತನ್ನೊಳಗೆ ಹಿಡಿದು ಸವೆಸುವುದರಿಂದ, ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿಯೇ ಹೋಗುತ್ತದೆ. ಇದು ಸಾಮಾನ್ಯ ಹೀಮ್ಯಾಂಜಿಯೋಮಾದ ವಿಕೋಪವಲ್ಲ, ಬೇರೆಯೇ ಗಡ್ಡೆಯೆಂದು ಸ್ಪಷ್ಟವಾದುದು 1997ರಲ್ಲಿ. ಕಣಗಳು ಕಡಿಮೆಯಾದುವೆಂದು ಆ ಕಣಗಳನ್ನೇ ಸುರಿಯುತ್ತ ಹೋದರೆ ಗಡ್ಡೆಯು ಅವನ್ನೂ ನುಂಗಿ ಇನ್ನಷ್ಟು ಊದುತ್ತದೆ. ಆದುದರಿಂದ ರಕ್ತಸ್ರಾವವಿಲ್ಲದೆ ಅವನ್ನು ಕೊಡುವುದಿಲ್ಲ. ಸ್ಟೀರಾಯ್ಡ್, ವಿಂಕ್ರಿಸ್ಟಿನ್ ಮತ್ತು ಈಚೆಗೆ ಸಿರೋಲಿಮಸ್, ಇವು ಇದರ ಮದ್ದುಗಳು. ಸಿರೋಲಿಮಸ್ಸಿನ ಮೂಲವು ಪೆಸಿಫಿಕ್ ಮಹಾಸಾಗರದ ಈಸ್ಟರ್ ದ್ವೀಪದ ಮಣ್ಣು. ಆ ಮಣ್ಣಿನ ಸೂಕ್ಷ್ಮಾಣುವಿನಿಂದ ಅದನ್ನು ಬೇರ್ಪಡಿಸಿದ ವಿಜ್ಞಾನಿಗಳ ಮುಂದಾಳು ಅವಿಭಜಿತ ಭಾರತದಲ್ಲಿ ಹುಟ್ಟಿದ ಸುರೇಂದ್ರನಾಥ ಸೆಹಗಲ್. ಇಂಥ ಕೂಸಿಗೆ ಲಕ್ಷ್ಮೇಶ್ವರದಲ್ಲಿ ನಾಳೆ ನೋಡೋಣವೆನ್ನುವಂತಿಲ್ಲ. ಅದೇ ದಿನ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನದರಂಥ ದೊಡ್ಡ ಆಸ್ಪತ್ರೆಗೆ ಹೊರಡತಕ್ಕದ್ದು.

ವಿಕೃತಿಗಳ ಕಡೆಗೆ ಬಂದರೆ, ಜನರಲ್ಲಿ ಅತ್ಯಂತ ತಪ್ಪು ಭರವಸೆ ಬೆಳೆದಿರುವುದು ದ್ರಾಕ್ಷಾರಸವರ್ಣದ ಮಚ್ಚೆಯ ವಿಷಯದಲ್ಲಿ. ಸಾವಿರ ಶಿಶುಗಳಲ್ಲಿ ಸುಮಾರು ಮೂರಕ್ಕೆ ಬರುವ ಇದು ಹುಟ್ಟಿದಂದು ಚಪ್ಪಟೆಯಾಗಿ, ಗುಲಾಬಿಯ ಬಣ್ಣಕ್ಕಿರುವುದರಿಂದ ಅಳಿದುಹೋಗುವ ಕಲೆಯೆಂದೇ ತೋರುತ್ತದೆ. ಅಳಿಯುವುದಿಲ್ಲ, ಪ್ರಾಯದೊಡನೆ ಕಪ್ಪಾಗಿ ದಪ್ಪವಾಗುತ್ತದೆ. ಹಣೆ ಮತ್ತು ಮೇಲ್ರೆಪ್ಪೆಯನ್ನು ಅದು ಆವರಿಸಿದ್ದರೆ, ಅದೇ ಪಾರ್ಶ್ವದ ಮೆದುಳಿನ ಹೊದಿಕೆಯಲ್ಲಿಯೂ ಕಣ್ಣಿನಲ್ಲಿಯೂ ಅದೇ ದೋಷವಿರಬಹುದು. 1879ರಲ್ಲಿ ಸ್ಟರ್ಜ್ ಎಂಬ ಇಂಗ್ಲಿಷ್ ವೈದ್ಯನು ಈ ಸಂಬಂಧವನ್ನು ಮೊದಲು ಕಂಡನು. ಮುಂದೆ ವೆಬರನ ಹೆಸರೂ ಅದಕ್ಕೆ ಸೇರಿತು. ಮೊದಲ ವರ್ಷದಲ್ಲಿ ಒಂದು ಕಡೆಯ ಕೈಕಾಲು ಅದುರುವ ಫಿಟ್ಸ್ ಬರುವುದುಂಟು. ಕಣ್ಣಿನ ಒತ್ತಡ ಏರುವುದು ಇನ್ನೂ ಮೌನವಾದ ಅಪಾಯ. ಎಳೆಯ ಕಣ್ಣಿನ ಗೋಡೆ ಮೆತ್ತಗಿರುವುದರಿಂದ ಒತ್ತಡಕ್ಕೆ ಅದು ಹಿಗ್ಗುತ್ತದೆ. ಮಗುವಿನ ಒಂದು ಕಣ್ಣು ಅಗಲವಾಗಿ, ನೀರಾಡುತ್ತ, ಬೆಳಕಿಗೆ ಮುಚ್ಚಿಕೊಳ್ಳುತ್ತದೆ. ಬಂಧುಗಳು ಆ ಅಗಲವಾದ ಕಣ್ಣನ್ನು ಚೆಲುವೆಂದು ಹೊಗಳಿ ಕಾಡಿಗೆ ತೀಡುವುದನ್ನು ಕಂಡಾಗ ಹೃದಯ ಹಿಂಡಿದಂತಾಗುತ್ತದೆ. ಇಂಥ ಮಚ್ಚೆಯುಳ್ಳ ಪ್ರತಿಯೊಂದು ಮಗುವಿನ ಕಣ್ಣನ್ನೂ ಮೊದಲ ವಾರಗಳಲ್ಲಿಯೇ ನೇತ್ರತಜ್ಞರು ಪರೀಕ್ಷಿಸಬೇಕು.

ಮಚ್ಚೆಯ ಬಣ್ಣಕ್ಕೆ ಉಪಾಯ ಲೇಸರು. 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಷ್ ಪ್ರತಿಪಾದಿಸಿದ ತತ್ತ್ವದಂತೆ, ಮುಖ್ಯವಾಗಿ ರಕ್ತದ ಕೆಂಪು ಹೀರಿಕೊಳ್ಳುವ ಬೆಳಕನ್ನು ಕ್ಷಣಾರ್ಧಕ್ಕಿಂತ ಕಡಿಮೆ ಕಾಲ ಹಾಯಿಸಿದರೆ ನಾಳಗಳು ಸುಟ್ಟು ಸುತ್ತಲಿನ ಚರ್ಮ ಉಳಿಯುತ್ತದೆ. ನಮ್ಮ ಮಕ್ಕಳ ಶ್ಯಾಮವರ್ಣದ ಚರ್ಮವು ತಾನೂ ಆ ಬೆಳಕನ್ನು ಹೀರುವುದರಿಂದ ಇಲ್ಲಿ ಇನ್ನಷ್ಟು ಜಾಗರೂಕತೆ ಬೇಕಾಗುತ್ತದೆ. ಅನೇಕ ಸಲ ಮಾಡಿಸಬೇಕಾದ, ದೊಡ್ಡ ನಗರಗಳಲ್ಲಿ ಮಾತ್ರ ದೊರೆಯುವ ಈ ಚಿಕಿತ್ಸೆಯು ದಿನಗೂಲಿಯ ನೇಕಾರನಿಗೂ ಬೆಣ್ಣಿಹಳ್ಳದ ಸೀಮೆಯ ಒಕ್ಕಲಿಗನಿಗೂ ಎಟುಕದು. ಇದನ್ನು ಸೌಂದರ್ಯಸಾಧನೆಯೆಂದು ಬದಿಗಿಡದೆ ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ದೊರೆಯುವಂತೆ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕತ್ತಿನಲ್ಲಿ ನೀರುಚೀಲದಂತೆ ತೂಗುವ ದುಗ್ಧರಸದ ವಿಕೃತಿಗೆ ಹಿಂದೆ ಕತ್ತಿಯೊಂದೇ ಗತಿಯಾಗಿತ್ತು. ಈಗ ಬ್ಲಿಯೊಮೈಸಿನ್ ಮೊದಲಾದ ಮದ್ದನ್ನು ಸೂಜಿಯಿಂದ ಒಳಗೆ ಹಾಕಿ ಚೀಲವನ್ನು ಒಣಗಿಸುವುದು ರೂಢಿಯಾಗಿದೆ, ಅದಕ್ಕೂ ಬಗ್ಗದಿದ್ದಲ್ಲಿ ಸಿರೋಲಿಮಸ್ ಇದೆ.

ಇನ್ನು, ಗುರುತಿಸುವ ಕಣ್ಣಿನ ಮಾತು. ಮನೆಮನೆಗೆ ಹೋಗಿ ನವಜಾತ ಶಿಶುವನ್ನು ನೋಡುವ ವ್ಯವಸ್ಥೆಯೊಂದು 2011ರಿಂದ ನಮ್ಮಲ್ಲಿದೆ. ಅದರಂತೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ನೋಡಬೇಕು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಲಸಿಕೆ. ಹೀಮ್ಯಾಂಜಿಯೋಮಾದ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ: ಮಚ್ಚೆ ಮೂಡುವುದು ಎರಡನೆಯ ಮೂರನೆಯ ಭೇಟಿಯ ನಡುವೆ, ಬೆಳವಣಿಗೆ ಭುಗಿಲೇಳುವುದು 42ನೆಯ ದಿನದ ಸುತ್ತಮುತ್ತ. ತೊಡಕಿನ ಗಡ್ಡೆಯುಳ್ಳ ಮಗುವನ್ನು ಒಂದು ತಿಂಗಳಾಗುವಷ್ಟರಲ್ಲಿ ತಜ್ಞರ ಬಳಿಗೆ ಮುಟ್ಟಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು 2019ರಲ್ಲಿ ವಿಧಿಸಿತು. ನಮ್ಮ ಆಶಾ ಅಷ್ಟರಲ್ಲಿ ಐದು ಸಲ ಆ ಮನೆಯ ಕದ ತಟ್ಟಿರುತ್ತಾಳೆ. ಆಕೆ ಕೂಸನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ, ಚರ್ಮದಲ್ಲಿ ಕೀವುಗುಳ್ಳೆಗಳಿವೆಯೇ, ಮೈ ಹಳದಿಯಾಗಿದೆಯೇ ಎಂದು ನೋಡುತ್ತಾಳೆ. ಕೆಂಪು ಮಚ್ಚೆಯನ್ನು ನೋಡೆಂದು ಆಕೆಗೆ ಯಾರೂ ಹೇಳಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಪಟ್ಟಿಮಾಡಿದ ಒಂಬತ್ತು ಜನ್ಮದೋಷಗಳಲ್ಲಿ ಸೀಳುತುಟಿಯಿದೆ, ಸೊಟ್ಟಪಾದವಿದೆ, ಕಣ್ಣಿನ ಪೊರೆಯಿದೆ, ರಕ್ತನಾಳದ ಮಚ್ಚೆಯಿಲ್ಲ.

ನೋಡುವುದೂ ಸುಲಭವಲ್ಲವೆಂಬುದನ್ನು ಒಪ್ಪಬೇಕು. ಬಾಣಂತಿಯ ಕೋಣೆಗೆ ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿರುತ್ತದೆ. ಕೂಸಿನ ತಲೆಗೆ ಕುಂಚಿಗೆ, ಅದರ ಅಂಚು ಹಣೆಯವರೆಗೆ, ಬೆನ್ನಿನ ಭಾಗ ಸೊಂಟದವರೆಗೆ. ಕೆನ್ನೆಯ ಮೇಲೆ ದೃಷ್ಟಿಬೊಟ್ಟು. ನೆತ್ತಿಯ ಗಡ್ಡೆಯೂ ಕಿವಿಯ ಹಿಂದಿನದೂ ಆ ಕುಂಚಿಗೆಯ ಕೆಳಗೆ ವಾರಗಟ್ಟಲೆ ಯಾರ ಕಣ್ಣಿಗೂ ಬೀಳದೆ ಬೆಳೆಯಬಲ್ಲದು. ಕಿಟಕಿ ತೆರೆಯಿಸಿ, ಬಟ್ಟೆ ಬಿಚ್ಚಿಸಿ, ಹಗಲ ಬೆಳಕಿನಲ್ಲಿ ಮಚ್ಚೆಯ ಪಕ್ಕಕ್ಕೆ ಒಂದು ರೂಪಾಯಿಯ ನಾಣ್ಯವನ್ನಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು, ಮುಂದಿನ ಭೇಟಿಯಲ್ಲಿ ಮತ್ತೊಮ್ಮೆ ತೆಗೆದು ಹೋಲಿಸಿದರೆ, ಬೆಳೆಯುತ್ತಿದೆಯೋ ಇಲ್ಲವೋ ಎಂಬುದಕ್ಕೆ ತಜ್ಞನೇ ಬೇಕಾಗಿಲ್ಲ. ಆ ಚಿತ್ರವನ್ನು ದೂರದ ವೈದ್ಯನು ನೋಡಿ ತೀರ್ಮಾನ ಹೇಳುವುದಕ್ಕೆ ನಮ್ಮ ರಾಜ್ಯದಲ್ಲಿಯೇ ಮೇಲ್ಪಂಕ್ತಿಯಿದೆ. ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಅಕ್ಷಿಪಟಲದ ದೋಷವನ್ನು ಹುಡುಕುವುದಕ್ಕಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮರಾವನ್ನು ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನಲ್ಲಿ ಕುಳಿತ ವೈದ್ಯರು ಅವನ್ನು ಓದುತ್ತಾರೆ. ಆ ಅಕಾಲಜಾತ ಶಿಶುಗಳೇ ಹೀಮ್ಯಾಂಜಿಯೋಮಾಕ್ಕೂ ಹೆಚ್ಚಾಗಿ ಗುರಿಯಾಗತಕ್ಕವು. ಕಣ್ಣಿನ ಚಿತ್ರ ತೆಗೆಯುವ ದಿನವೇ ಮೈಯನ್ನೊಮ್ಮೆ ನೋಡಿದರೆ ಹೊಸ ವೆಚ್ಚವೇನಿದೆ?

ಗುರುತಿಸಿ, ಗದಗಿಗೋ ಹುಬ್ಬಳ್ಳಿಗೋ ಹೋಗಿ, ಔಷಧ ಆರಂಭವಾದ ಮೇಲೆ ಕೆಲಸವು ಮತ್ತೆ ಮನೆಗೆ ಬರುತ್ತದೆ. ಎಂಟು ವಾರಕ್ಕಿಂತ ಎಳೆಯದಾದ ಕೂಸಿಗೆ ಮೊದಲ ಗುಟುಕುಗಳನ್ನು ಆಸ್ಪತ್ರೆಯಲ್ಲಿಯೇ ಕೊಟ್ಟು, ನಾಡಿಯನ್ನೂ ರಕ್ತದ ಒತ್ತಡವನ್ನೂ ನೋಡುತ್ತಾರೆ. ಪ್ರಮಾಣವನ್ನು ಮೆಲ್ಲಗೆ ಏರಿಸಿ, ದಿನಕ್ಕೆ ಕಿಲೋ ತೂಕಕ್ಕೆ 2ರಿಂದ 3 ಮಿಲಿಗ್ರಾಮಿಗೆ ನಿಲ್ಲಿಸುತ್ತಾರೆ. ಶಿಶುಗಳಿಗೆಂದೇ ಮಾಡಿದ ದ್ರಾವಣವು ಸಿಕ್ಕದ ಕಡೆ ದೊಡ್ಡವರ ಮಾತ್ರೆಯನ್ನೇ ನೀರಿನಲ್ಲಿ ಕರಗಿಸಿ ಕೊಡಬೇಕಾಗುವುದರಿಂದ, 10 ಮಿಲಿಗ್ರಾಮಿನ ಮಾತ್ರೆಯ ಬದಲು ಅಂಗಡಿಯವನು 40ರದನ್ನು ಕೊಟ್ಟುಬಿಟ್ಟರೆ ನಾಲ್ಕು ಪಟ್ಟು ವಿಷವೇ ಒಳಗೆ ಹೋದಂತಾಗುತ್ತದೆ. ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಒಟ್ಟಿಗೆ ಹಿಡಿದು ಓದದೆ ಒಂದು ಹನಿಯನ್ನೂ ಕುಡಿಸಬಾರದು. ಹಾಲು ಕುಡಿಸಿದ ಮೇಲೆಯೇ ಔಷಧ. ಈ ಔಷಧದಿಂದ ರಕ್ತದ ಸಕ್ಕರೆ ಇಳಿಯುವ ಭಯವಿದೆ. ಆದುದರಿಂದ ಎಣ್ಣೆ ತಿಕ್ಕಿ ಬಿಸಿನೀರು ಎರೆದ ಮೇಲೆ ಕೂಸು ಮೈಮರೆತು ತಾಸುಗಟ್ಟಲೆ ಮಲಗಿದರೆ, ಬೇರೆ ಮನೆಯಲ್ಲಿ ಅದು ಸಂತೋಷದ ಸಂಗತಿ, ಈ ಮನೆಯಲ್ಲಿ ಎಬ್ಬಿಸಿ ಹಾಲೂಡಿಸಬೇಕಾದ ಸಂಗತಿ. ಬೆವರು, ತಣ್ಣಗಾದ ಕೈಕಾಲು, ಮಂಕು ಕಂಡರೆ ಕೂಡಲೆ ಹಾಲು ಕೊಟ್ಟು ಆಸ್ಪತ್ರೆಗೆ ಹೋಗಬೇಕು. ವಾಂತಿಭೇದಿಯಾಗಿ ಹಾಲು ಬಿಟ್ಟಿದ್ದರೆ, ಉಬ್ಬಸ ಬಂದಿದ್ದರೆ, ಅದು ನಿಲ್ಲುವವರೆಗೆ ಔಷಧವನ್ನೂ ನಿಲ್ಲಿಸಬೇಕು.

ಚಿಕಿತ್ಸೆಯು ಸಾಮಾನ್ಯವಾಗಿ ವರ್ಷ ತುಂಬುವವರೆಗೆ ನಡೆಯಬೇಕು; ನಡುವೆ ಬಿಟ್ಟರೆ ಗಡ್ಡೆಯು ಮರಳಿ ಕೆಂಪೇರಿ ಬೆಳೆಯುವುದುಂಟು. ಐದನೆಯ ತಿಂಗಳಲ್ಲಿ ಮಚ್ಚೆ ಮಾಸಿ, ಮಗು ನಗತೊಡಗಿ, ಬಾಣಂತಿಯನ್ನು ಗಂಡನ ಮನೆಗೆ ಕಳುಹಿಸುವ ಏರ್ಪಾಡು ನಡೆಯುವಾಗಲೇ ಈ ಔಷಧವು ನಿಂತುಹೋಗುವ ಸಂಭವ ಹೆಚ್ಚು. ಶಿಗ್ಲಿಯ ಆಶಾ ಬೇರೆ, ಮುಂಡರಗಿಯ ಕಡೆಯ ಹಳ್ಳಿಯ ಆಶಾ ಬೇರೆ, ಅತ್ತೆಯ ಮನೆಯವರು ಮಚ್ಚೆಯ ಮೊದಲ ರೂಪವನ್ನು ಕಂಡವರೇ ಅಲ್ಲ. ತೂಕ ಏರಿದಂತೆ ಏರಿಸಬೇಕಾದ ಪ್ರಮಾಣ, ಮುಂದಿನ ಪರೀಕ್ಷೆಯ ದಿನ, ಔಷಧವನ್ನು ನಿಲ್ಲಿಸಬೇಕಾದ ಸಂದರ್ಭಗಳು, ಮೊದಲ ದಿನಗಳ ಚಿತ್ರಗಳು, ಇವಿಷ್ಟೂ ತಾಯಿ ಕಾರ್ಡಿನೊಳಗೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿರಬೇಕು. ತೊಟ್ಟಿಲು, ಕುಂಚಿಗೆಗಳೊಡನೆ ಅದೂ ಆ ಮನೆಗೆ ಹೋಗಿ, ಅಲ್ಲಿಯ ಆಶಾಳ ಕೈಗೆ ಸೇರತಕ್ಕದ್ದು.